ಕಾಡುಗಳ್ಳನನ್ನು ಹಿಡಿಯಲು ಊರವರಿಗೆ ಹೊಡೆಯಬಹುದಿತ್ತೇ?

ಕೊಳ್ಳೇಗಾಲದ ಕೂಸು

ಗಂಧ, ಆನೆದಂತದ ಕಾಡುಗಳ್ಳ ವೀರಪ್ಪನ್ ಸತ್ತು ಇಪ್ಪತ್ತು ವರ್ಷ ದಾಟಿತು. ಅವನ ಮಾತು ಬಂದಾಗಲೆಲ್ಲ ಈಗಲೂ ಒಂದು ವಾದ ಕಿವಿಗೆ ಬೀಳುತ್ತದೆ: ‘ಎಸ್‌ಟಿಎಫ್‌ನವರು ಒಂದಷ್ಟು ಅಮಾಯಕರಿಗೂ ಹೊಡೆದಿರಬಹುದು, ಆದರೆ ಅವನ ಕಾಟ ತಪ್ಪಿತಲ್ಲ, ಅಷ್ಟು ಸಾಕು.’ ಮೊನ್ನೆ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲೂ ಇದೇ ಮಾತು ಬಂತು. ಒಪ್ಪದವನು ನಾನೊಬ್ಬನೇ. ಅಲ್ಲಿ ಜಗಳ ಬೇಡವೆಂದು ಇಲ್ಲಿ ಕೇಳುತ್ತಿದ್ದೇನೆ.

ಚಿಕ್ಕ ವಯಸ್ಸಿನವರಿಗೆ ಸ್ವಲ್ಪ ಹಿನ್ನೆಲೆ. 1990ರ ದಶಕದಲ್ಲಿ ಕರ್ನಾಟಕ, ತಮಿಳುನಾಡು ಪೊಲೀಸರ ವಿಶೇಷ ಕಾರ್ಯಪಡೆಗಳು (ಎಸ್‌ಟಿಎಫ್) ಜಂಟಿಯಾಗಿ ಅವನನ್ನು ಹುಡುಕುತ್ತಿದ್ದವು. ಆ ಹೊತ್ತಿನಲ್ಲಿ ಕಾಡಂಚಿನ ಹಳ್ಳಿಗಳ ಗಂಡಸರು, ಹೆಂಗಸರನ್ನು ಹಿಡಿದು ತಂದು ಚಿತ್ರಹಿಂಸೆ ಕೊಟ್ಟರು ಎಂಬ ದೂರುಗಳು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ಹೋದವು. ಆಯೋಗ 1999ರಲ್ಲಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಿಬಿಐ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಇನ್ನೊಬ್ಬ ಸದಸ್ಯರು. ಮಾದೇಶ್ವರನ ಬೆಟ್ಟದಲ್ಲಿ ‘ವರ್ಕ್‌ಶಾಪ್’ ಎಂದು ಕರೆಯುತ್ತಿದ್ದ ಜಾಗದಲ್ಲಿ ಮೈಗೆ ಕರೆಂಟು ಕೊಡುತ್ತಿದ್ದರು ಎಂದು ಹಿಂಸೆ ಉಂಡವರು ಸಮಿತಿ ಮುಂದೆ ಬಾಯಿಬಿಟ್ಟು ಹೇಳಿದರು. 2003ರ ಕೊನೆಗೆ ವರದಿ ಬಂತು. 2007ರ ಜನವರಿಯಲ್ಲಿ 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ಆಯೋಗ ಹೇಳಿತು.

ವೀರಪ್ಪನ್ ಒಳ್ಳೆಯವನು ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಚರ್ಚೆಯನ್ನು ಆ ಕಡೆ ಎಳೆಯಬೇಡಿ. ನನ್ನ ಪ್ರಶ್ನೆ ಬೇರೆ. ಹೆಚ್ಚು ಜನರ ಒಳಿತಿಗಾಗಿ ಮಾಡಿದೆವು ಅಂದ ಮಾತ್ರಕ್ಕೆ ತಪ್ಪು ಒಪ್ಪಾಗುತ್ತದೆಯೇ? ಆಗುವುದಿಲ್ಲ ಎಂಬುದು ನನ್ನ ನಿಲುವು. ಅಂಥ ಅನಿವಾರ್ಯತೆ ಬಂತೆಂದೇ ಇಟ್ಟುಕೊಳ್ಳೋಣ, ಮಾಡಿದವರು ಆಮೇಲೆ ಕಟಕಟೆಯಲ್ಲಿ ನಿಂತು ಉತ್ತರ ಕೊಡಬೇಕು. ಶಾಲು ಹೊದಿಸಿಕೊಂಡು ಮನೆಗೆ ಹೋಗುವಂತಿಲ್ಲ.

ಖಾಕಿ ಮನೆ ಮಗಳು

ಪಟ್ಟಿಯನ್ನು ನೀವು ಅರ್ಧದಿಂದ ಶುರುಮಾಡಿದ್ದೀರಿ. ನಾನು ಮೊದಲಿಂದ ಹೇಳುತ್ತೇನೆ.

1991ರ ನವೆಂಬರ್. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್. ವೀರಪ್ಪನ್ ಹುಟ್ಟಿದ ಗೋಪಿನಾಥಂನಲ್ಲೇ ಇದ್ದುಕೊಂಡು, ಅಲ್ಲಿನ ಜನಕ್ಕೆ ದೇವಸ್ಥಾನ ಕಟ್ಟಿಸಿಕೊಟ್ಟು, ಮದ್ದು ಕೊಡಿಸಿ, ಮನಸ್ಸು ಗೆದ್ದು ಅವನನ್ನು ಶರಣಾಗಿಸಬಹುದು ಎಂದು ನಂಬಿದ್ದ ಮನುಷ್ಯ. ಶರಣಾಗುತ್ತೇನೆ ಎಂಬ ಮಾತು ನಂಬಿ ಆಯುಧವಿಲ್ಲದೆ ಹೋದರು. ತಲೆ ಕಡಿದರು. 1992ರ ಮೇ, ರಾಮಾಪುರ ಪೊಲೀಸ್ ಠಾಣೆ, ಐವರು ಪೊಲೀಸರು. ಅದೇ ವರ್ಷ ಆಗಸ್ಟ್, ಮೀಣ್ಯಂ ಹತ್ತಿರ ಸುಳ್ಳು ಸುಳಿವು ಕೊಟ್ಟು ಕರೆಸಿಕೊಂಡು ಎಸ್‌ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹಮದ್ ಮತ್ತು ಅವರ ಜೊತೆಗಿದ್ದ ಪೇದೆಗಳು. 1993ರ ಏಪ್ರಿಲ್ 9, ಪಾಲಾರ್ ಹತ್ತಿರ ನೆಲಬಾಂಬು, 22 ಜನ.

ನಮ್ಮಪ್ಪ ಆಗ ಆ ಭಾಗದ ಒಂದು ಚೆಕ್‌ಪೋಸ್ಟ್‌ನಲ್ಲಿ ಪೇದೆ. ಸಂಜೆ ಪ್ರದೇಶ ಸಮಾಚಾರ ಮುಗಿಯುವವರೆಗೆ ಅಮ್ಮ ಒಲೆ ಹಚ್ಚುತ್ತಿರಲಿಲ್ಲ. ಪಾಲಾರ್ ಸುದ್ದಿ ಬಂದ ರಾತ್ರಿ ಕ್ವಾರ್ಟರ್ಸ್‌ನ ಹೆಂಗಸರೆಲ್ಲ ಠಾಣೆ ಮುಂದೆ ನಿಂತಿದ್ದರು. ಹೆಸರು ಒಂದೊಂದಾಗಿ ವೈರ್‌ಲೆಸ್‌ನಲ್ಲಿ ಬರುತ್ತಿತ್ತು. ಒಳ್ಳೆಯ ಮಾತಿನ ದಾರಿ ಹಿಡಿದ ಶ್ರೀನಿವಾಸ್ ಅವರಿಗೆ ಏನಾಯಿತು ಎಂದು ನೋಡಿದ ಮೇಲೂ ಕೈಕಟ್ಟಿ ಕೂರಬೇಕಿತ್ತೇ? ಊರಲ್ಲಿ ಯಾರೋ ಅವನಿಗೆ ಅನ್ನ ಕೊಡುತ್ತಿದ್ದರು, ಯಾರೋ ಪೊಲೀಸರ ಜೀಪು ಹೊರಟ ಸುದ್ದಿ ಮುಟ್ಟಿಸುತ್ತಿದ್ದರು. ಬೇರೆ ದಾರಿ ಏನಿತ್ತು, ಹೇಳಿ.

ಹನೂರು ಕಡೆಯವ

ಅಕ್ಕಾ, ನಿಮ್ಮಪ್ಪನ ಮೇಲೆ ನಂಗೆ ಗೌರವ ಅದೆ. ‘ಯಾರೋ ಅನ್ನ ಕೊಡ್ತಿದ್ರು’ ಅಂದ್ರಲ್ಲ, ಆ ಯಾರೋ ನಾವೇ. ಹೆಂಗ್ ಕೊಡ್ತಿದ್ವಿ ಅಂತ ಹೇಳ್ತೀನಿ ಕೇಳಿ.

ರಾತ್ರಿ ಹೊತ್ತು ನಾಯಿ ಬೊಗಳೋದು. ಬಾಗ್ಲು ತೆಗುದ್ರೆ ಹೆಗಲ ಮೇಲೆ ಬಂದೂಕ ಇಟ್ಕಂಡು ನಾಕು ಜನ. ರಾಗಿಹಿಟ್ಟು, ಉಪ್ಪು, ಬೀಡಿ, ಬೆಂಕಿಪಟ್ಣ. ಕೊಡಲ್ಲ ಅಂದ್ರೆ ಪೊಲೀಸರ ಕಡೆಯವ ಅಂತ ಅಲ್ಲೇ ಮುಗಿಸೋರು. ಹಂಗೆ ಸತ್ತವ್ರು ನಮ್ ಸೀಮೇಲಿ ಎಷ್ಟೋ ಜನ ಅವ್ರೆ, ಅವ್ರ ಹೆಸ್ರು ಯಾವ ಪಟ್ಟೀಲೂ ದಪ್ಪಕ್ಷರದಲ್ಲಿ ಬರಾಕಿಲ್ಲ. ಕೊಟ್ರೆ, ಬೆಳಗಾದ ಮ್ಯಾಲೆ ಕಳ್ಳನಿಗೆ ಅನ್ನ ಇಕ್ಕಿದವ್ರು ಅಂತ ಹೆಸ್ರು. ನಮ್ಮಜ್ಜಿ ಮಿಲ್ಲಿಗೆ ರಾಗಿ ತಗಂಡೋಗದನ್ನೇ ಬುಟ್ಬುಟ್ಟಿದ್ಲು. ಮನೇಲಿ ಐದು ಜನ ಇದ್ದು ಹತ್ತು ಸೇರು ಬೀಸ್ಸುದ್ರೆ ಯಾರಿಗೆ ಅಂತ ಕೇಳೋರು. ಅದ್ಕೇ ಮೂಲೇಲಿದ್ದ ರಾಗಿಕಲ್ಲ ಮತ್ತೆ ಎಳ್ದು, ರಾತ್ರಿ ದೀಪ ಆರಿಸ್ಕಂಡು ಬೀಸೋಳು. ಕಲ್ಲಿನ ಸದ್ದು ಬೀದಿಗೆ ಕೇಳ್ದಂಗೆ ಅಡೀಕ್ಕೆ ಗೋಣಿಚೀಲ ಹಾಸೋಳು.

ನೀವು ‘ಬೇರೆ ದಾರಿ ಏನಿತ್ತು’ ಅಂತ ಪೊಲೀಸರ ಪರ ಕೇಳಿದ್ರಿ. ಆ ಮಾತ ನಮ್ ಪರವಾಗಿ ಆವತ್ತು ಯಾರೂ ಕೇಳ್ನಿಲ್ಲ.

ನೇರ ಲೆಕ್ಕ

ಎಲ್ಲರ ನೋವಿಗೂ ಗೌರವ ಕೊಟ್ಟೇ ಹೇಳುತ್ತೇನೆ, ಕಠೋರ ಎನಿಸಿದರೂ ಪರವಾಗಿಲ್ಲ.

ಆ ಮನುಷ್ಯ ನೂರಕ್ಕೂ ಹೆಚ್ಚು ಜನರನ್ನು ಕೊಂದ. ಅವನು ಕಾಡಿನಲ್ಲಿದ್ದ ಪ್ರತಿ ವರ್ಷವೂ ಇನ್ನಷ್ಟು ಹೆಣ ಬಿದ್ದವು. 1990ರ ದಶಕದ ಆರಂಭದಲ್ಲಿ ಅವನ ಹಿಂದೆ ದೊಡ್ಡ ಪಡೆಯೇ ಇತ್ತು, ಕೊನೆಗೆ ಉಳಿದದ್ದು ನಾಲ್ಕಾರು ಜನ. ಆ ಬದಲಾವಣೆ ತಾನಾಗಿ ಆಗಲಿಲ್ಲ. ಅನ್ನದ, ಸುದ್ದಿಯ, ಮದ್ದುಗುಂಡಿನ ದಾರಿ ಕಟ್ಟಿದ್ದರಿಂದ ಆಯಿತು. ಅದು ಮೆದುವಾಗಿ ಆಗುವ ಕೆಲಸವಲ್ಲ.

ತಪ್ಪು ಮಾಡದೆ ಕೈ ಚೊಕ್ಕಟವಾಗಿ ಇಟ್ಟುಕೊಂಡವನೇ ನೀತಿವಂತ ಎಂದು ನಾನು ಒಪ್ಪುವುದಿಲ್ಲ. ನಾನು ಕೈ ಚೊಕ್ಕಟ ಇಟ್ಟುಕೊಂಡೆ, ಅದರಿಂದ ಮುಂದಿನ ವರ್ಷ ಇಪ್ಪತ್ತೆರಡು ಜನ ಸತ್ತರು ಅಂದರೆ ಆ ಇಪ್ಪತ್ತೆರಡು ಜನರ ಹೆಂಡತಿ ಮಕ್ಕಳಿಗೆ ನನ್ನ ಚೊಕ್ಕಟತನ ಯಾವ ಸಮಾಧಾನ? ಮಾಡದೆ ಬಿಟ್ಟದ್ದಕ್ಕೂ ಮನುಷ್ಯ ಹೊಣೆ. ಹತ್ತು ಜನರಿಗೆ ಆಗುವ ಕೇಡನ್ನು ಒಬ್ಬನಿಗಾಗುವ ಕೇಡಿನಿಂದ ತಡೆಯಬಹುದಾದರೆ ತಡೆಯಬೇಕು. ಮನಸ್ಸಿಗೆ ಹಿತವಾಗುವುದಿಲ್ಲ, ನಿಜ. ಹಿತವಾಗದ ಮಾತ್ರಕ್ಕೆ ತಪ್ಪೆನ್ನಲು ಬರುವುದಿಲ್ಲ.

ಧಾರವಾಡದ ವಕೀಲ

ನೇರ ಲೆಕ್ಕ ಅವರೇ, ನಿಮ್ಮ ಲೆಕ್ಕಾನ ಕಾಯ್ದೆ ಬರದವರು ನೂರಾ ಅರವತ್ತು ವರ್ಷದ ಹಿಂದನ ಮಾಡ್ಯಾರ ನೋಡ್ರಿ. 1860ರ ದಂಡ ಸಂಹಿತೆಯ 81ನೇ ಕಲಮು, ಈಗಿನ ನ್ಯಾಯ ಸಂಹಿತೆಯೊಳಗ 19. ಅದರಾಗ ಒಂದು ಉದಾಹರಣೆ ಕೊಟ್ಟಾರ. ಹಡಗಿನ ಕಪ್ತಾನ ಒಬ್ಬಾಂವ. ಅವನ ತಪ್ಪಿಲ್ಲದ ಹಡಗು ಎದುರಿನ ದೋಣಿಗೆ ಬಡಿಯೋ ಪರಿಸ್ಥಿತಿ ಬರ್ತದ. ಆ ದೋಣಿಯೊಳಗ ಇಪ್ಪತ್ತು ಮೂವತ್ತು ಮಂದಿ. ಹಡಗು ತಿರುಗಿಸಿದ್ರ ಇಬ್ಬರಿದ್ದ ಇನ್ನೊಂದು ದೋಣಿಗೆ ಬಡಿಬಹುದು. ಇಬ್ಬರನ್ನ ಕೊಲ್ಲೋ ಉದ್ದೇಶ ಇಲ್ಲದ, ಇಪ್ಪತ್ತು ಮಂದೀನ ಉಳಿಸಲಿಕ್ಕೆ ಅಂತ ತಿರುಗಿಸಿದ್ರ ಅದು ಅಪರಾಧ ಅಲ್ಲ. ಅಪಾಯ ಅಷ್ಟು ಹತ್ತಿರ ಇತ್ತೋ ಇಲ್ಲೋ ಅನ್ನೋದನ್ನ ಮಾತ್ರ ಸಾಕ್ಷಿ ಮ್ಯಾಲೆ ನೋಡಬೇಕು.

ಈಗ ಅದೇ ಪುಸ್ತಕದ 330ನೇ ಕಲಮು ತಗೀರಿ. ತಪ್ಪೊಪ್ಪಿಗೆ ಅಥವಾ ಮಾಹಿತಿ ಹೊರಡಸಲಿಕ್ಕೆ ಹೊಡದ್ರ ಏಳು ವರ್ಷದವರೆಗೆ ಸಜಾ. 331, ಭಾರೀ ಗಾಯ ಮಾಡಿದ್ರ ಹತ್ತು ವರ್ಷ. ಅಲ್ಲಿ ಕೊಟ್ಟ ಮೊದಲನೇ ಉದಾಹರಣೆ ಯಾರದು? ಆರೋಪಿಗೆ ಹಿಂಸೆ ಕೊಡೋ ಪೊಲೀಸ್ ಅಧಿಕಾರಿಯದು. ಕಪ್ತಾನನ ವಿಷಯ ಗೊತ್ತಿದ್ದವರ ಇದನ್ನೂ ಬರದಾರ. ‘ಊರಿನ ಒಳಿತಿಗೆ ಮಾಡಿದ್ರ ನಡೀತದ’ ಅಂತ ಇಲ್ಲಿ ಒಂದು ಅಕ್ಷರ ಸೇರಿಸಿಲ್ಲ.

ಯಾಕಂದ್ರ ಎರಡೂ ಒಂದ ಅಲ್ಲರೀ. ಕಪ್ತಾನಗ ಆ ಇಬ್ಬರು ತಪ್ಪಿಸಿಕೊಂಡು ಉಳದ್ರ ಭಾಳ ಸಂತೋಷ. ಕರೆಂಟು ಕೊಡೋ ಕೋಣಿಯೊಳಗ ಹಂಗಲ್ಲ. ಎದುರಿಗಿದ್ದವಗ ನೋವಾಗಲಿಲ್ಲ ಅಂದ್ರ ಕೆಲಸ ಆಗಲಿಲ್ಲ ಅಂತ ಅರ್ಥ. ಅಲ್ಲಿ ಅವನ ನೋವೇ ಹತಾರ.

ನೇರ ಲೆಕ್ಕ

ಈ ವ್ಯತ್ಯಾಸ ನನಗೆ ಅರ್ಥವಾಗುತ್ತದೆ. ಆದರೆ ಸತ್ತವನಿಗೆ ಯಾವ ವ್ಯತ್ಯಾಸ? ದೋಣಿಯಲ್ಲಿ ಮುಳುಗಿದ ಇಬ್ಬರಿಗೂ ಕಪ್ತಾನನ ಉದ್ದೇಶ ಕಟ್ಟಿಕೊಂಡು ಏನೂ ಆಗಬೇಕಿಲ್ಲ. ನಾನು ಪರಿಣಾಮ ನೋಡುತ್ತೇನೆ.

ಕೊಳ್ಳೇಗಾಲದ ಕೂಸು

ಸರಿ, ಪರಿಣಾಮವನ್ನೇ ನೋಡೋಣ. ಅವನು ಸತ್ತದ್ದು ಹೇಗೆ? 2004ರ ಅಕ್ಟೋಬರ್ 18, ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿ ಹತ್ತಿರ. ಅವನ ಕಣ್ಣಿಗೆ ಪೊರೆ ಬಂದಿತ್ತು, ಚಿಕಿತ್ಸೆಗೆ ಕಾಡು ಬಿಟ್ಟು ಹೊರಗೆ ಬರಲೇಬೇಕಿತ್ತು. ತಮಿಳುನಾಡು ಪಡೆಯವರು ತಮ್ಮವರನ್ನೇ ಅವನ ಗುಂಪಿನೊಳಗೆ ನಂಬಿಕೆ ಗಳಿಸುವಂತೆ ಬಿಟ್ಟಿದ್ದರು. ಆಸ್ಪತ್ರೆಗೆ ಕರೆದೊಯ್ಯುವ ಆಂಬುಲೆನ್ಸ್ ಪೊಲೀಸರದ್ದೇ, ಓಡಿಸುತ್ತಿದ್ದವನೂ ಪೊಲೀಸನೇ. ‘ಆಪರೇಷನ್ ಕಕೂನ್’ ಎಂದು ಅದಕ್ಕೆ ಹೆಸರು.

ಹತ್ತು ವರ್ಷಕ್ಕೂ ಮೇಲ್ಪಟ್ಟು ಹಳ್ಳಿಗರಿಗೆ ಬಿದ್ದ ಏಟು ಮಾಡದ್ದನ್ನು ತಿಂಗಳುಗಟ್ಟಲೆ ತಾಳ್ಮೆಯಿಂದ ಹೇಳಿದ ಒಂದು ಸುಳ್ಳು ಮಾಡಿತು. ಸುಳ್ಳೂ ತಪ್ಪೇ ಅಲ್ಲವೇ ಎಂದು ಕೇಳಬಹುದು. ತಪ್ಪಾಗಿದ್ದರೂ ಅದರ ಭಾರ ಬಿದ್ದದ್ದು ಅಪರಾಧಿಯ ಮೇಲೆ, ರಾಗಿ ಬೀಸುವ ಅಜ್ಜಿಯ ಮೇಲಲ್ಲ. ಅಲ್ಲಿ ನಡೆದ ಗುಂಡಿನ ಬಗ್ಗೆಯೂ ಪ್ರಶ್ನೆ ಎತ್ತಿದವರಿದ್ದಾರೆ, ಅದು ಬೇರೆಯೇ ಚರ್ಚೆ.

ಖಾಕಿ ಮನೆ ಮಗಳು

ನಿಮ್ಮ ವಾದದಲ್ಲೊಂದು ತೂತಿದೆ. ಗುಂಪು ನಾಲ್ಕು ಜನಕ್ಕೆ ಇಳಿದಿದ್ದರಿಂದಲೇ ಹೊರಗಿನ ಹೊಸ ಮುಖಗಳನ್ನು ನಂಬುವ ಗತಿ ಅವನಿಗೆ ಬಂತು. 1993ರಲ್ಲಿ ಇದೇ ಆಂಬುಲೆನ್ಸ್ ಕಳಿಸಿದ್ದರೆ ಚಾಲಕನ ಹೆಣವೂ ಸಿಗುತ್ತಿರಲಿಲ್ಲ. ದಾರಿ ಕಟ್ಟಿದ್ದು ವ್ಯರ್ಥವಾಗಲಿಲ್ಲ. ಆ ದಾರಿ ಕಟ್ಟುತ್ತಾ ನಮ್ಮಪ್ಪನಂಥವರು ಮಲೇರಿಯಾ ಹತ್ತಿಸಿಕೊಂಡು, ಟಾರ್ಪಾಲು ಕೆಳಗೆ ಮಲಗಿ ಕಳೆದ ವರ್ಷಗಳನ್ನು ಒಂದೇ ಏಟಿಗೆ ತಪ್ಪಿನ ಲೆಕ್ಕಕ್ಕೆ ಸೇರಿಸಬೇಡಿ. ಗಸ್ತು ತಿರುಗುವುದು, ನಾಕಾ ಹಾಕುವುದು ತಪ್ಪಲ್ಲ. ಹೊಡೆದವರು ಹೊಡೆದರು, ಎಲ್ಲರೂ ಹೊಡೆಯಲಿಲ್ಲ.

ಕೊಳ್ಳೇಗಾಲದ ಕೂಸು

ಈ ಮಾತು ಪೂರ್ತಿ ಒಪ್ಪುತ್ತೇನೆ. ನಾನು ಕೇಳುತ್ತಿರುವುದೂ ಅದನ್ನೇ: ಗಸ್ತು ಯಾವುದು, ಹಿಂಸೆ ಯಾವುದು ಎಂದು ಬೇರೆ ಮಾಡಿ ನೋಡಿ. ಗುಂಪು ಕರಗಿದ್ದು ಗಸ್ತಿನಿಂದಲೋ ಕರೆಂಟಿನಿಂದಲೋ ಎಂದು ‘ಲೋಕಹಿತ’ ಎನ್ನುವವರು ಬಿಡಿಸಿ ಹೇಳುವುದೇ ಇಲ್ಲ. ಎರಡನ್ನೂ ಒಟ್ಟಿಗೆ ಕಟ್ಟಿ ಗೆಲುವಿನ ಖಾತೆಗೆ ಹಾಕುತ್ತಾರೆ.

ಅಣ್ಣಾವ್ರ ಅಭಿಮಾನಿ, ಮಾಗಡಿ ರಸ್ತೆ

ನಾನು ಬೇರೆ ಕಡೆಯಿಂದ ಬರುತ್ತೇನೆ. 2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ರಾಜಕುಮಾರ್ ಅವರನ್ನು ಎತ್ತಿಕೊಂಡು ಹೋದ. 108 ದಿನ. ಬೆಂಗಳೂರಲ್ಲಿ ಅಂಗಡಿ ಬಾಗಿಲು ಮುಚ್ಚಿತು, ಶಾಲೆ ಮುಚ್ಚಿತು, ಥಿಯೇಟರ್ ಮುಚ್ಚಿತು, ಶೂಟಿಂಗ್ ನಿಂತಿತು. ನಮ್ಮ ಬೀದಿಯಲ್ಲಿ ತಮಿಳು ಮಾತಾಡುವ ಮನೆಗಳವರು ಜೋರಾಗಿ ಟಿವಿ ಹಾಕುತ್ತಿರಲಿಲ್ಲ. ಅಣ್ಣಾವ್ರಿಗೆ ಏನಾದರೂ ಆಗಿದ್ದರೆ ಈ ಊರಿನಲ್ಲಿ ಎಷ್ಟು ಮನೆ ಉರಿಯುತ್ತಿತ್ತೋ ದೇವರೇ ಬಲ್ಲ. 1991ರ ಕಾವೇರಿ ಗಲಭೆ ನೋಡಿದವರಿಗೆ ಇದು ಉತ್ಪ್ರೇಕ್ಷೆ ಅನ್ನಿಸುವುದಿಲ್ಲ.

ಅವನ ಬೇಡಿಕೆಗಳಲ್ಲಿ ಒಂದು ಮೈಸೂರು ಜೈಲಿನಲ್ಲಿದ್ದ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕೈದಿಗಳನ್ನು ಬಿಡಬೇಕು ಎಂಬುದು. ಸರ್ಕಾರ ಒಪ್ಪಿತ್ತು. ಕಾನೂನಿನ ಕಣ್ಣಿಗೆ ಅದು ತಪ್ಪೇ ಇರಬಹುದು. ಆದರೆ ಒಬ್ಬ ಮಹಾನುಭಾವನ ಜೀವ, ಒಂದು ಇಡೀ ಊರಿನ ಶಾಂತಿ ಉಳಿಯುವುದಾದರೆ ಐವತ್ತು ಜನ ಕೈದಿಗಳನ್ನು ಬಿಡುವುದು ಸರಿ ಎಂದು ನಾನು ಆವತ್ತೂ ಹೇಳಿದೆ, ಈವತ್ತೂ ಹೇಳುತ್ತೇನೆ.

ಖಾಕಿ ಮನೆ ಮಗಳು

ಅಣ್ಣಾ, ಅಣ್ಣಾವ್ರು ನಮಗೂ ದೇವರ ಸಮಾನ. ಆದರೆ ಆ ಬಿಡುಗಡೆ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರು ಯಾರು ಗೊತ್ತಲ್ಲ? ಮೀಣ್ಯಂನಲ್ಲಿ ಸತ್ತ ಎಸ್‌ಐ ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ. ಇಡೀ ರಾಜ್ಯ ಒಂದು ಕಡೆ ನಿಂತಾಗ ಮಗನನ್ನು ಕಳೆದುಕೊಂಡ ಮುದುಕ ಒಬ್ಬರೇ ಇನ್ನೊಂದು ಕಡೆ ನಿಂತರು. ‘ನಿಮ್ಮ ಮಗನ ಸಾವಿಗೆ ನ್ಯಾಯ ಬೇಡ, ಊರು ತಣ್ಣಗಿದ್ದರೆ ಸಾಕು’ ಎಂದು ಅವರ ಮುಖ ನೋಡಿ ಹೇಳುತ್ತಿದ್ದಿರಾ?

ಧಾರವಾಡದ ವಕೀಲ

ಆ ತೀರ್ಪು ಓದಿದ್ರ ನಮ್ಮ ಈ ಚರ್ಚೆಗೆ ಭಾಳ ಉಪಯೋಗ ಆಗ್ತದ. ಸರ್ಕಾರ ಹಿಡದದ್ದು ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ 321ನೇ ಕಲಮಿನ ದಾರಿ, ಅಂದ್ರ ಸರ್ಕಾರಿ ಅಭಿಯೋಜಕರು ಕೋರ್ಟಿನ ಒಪ್ಪಿಗಿ ತಗೊಂಡು ಕೇಸು ಹಿಂದಕ್ಕ ತಗೊಳ್ಳೋದು. ಮೈಸೂರಿನ ವಿಶೇಷ ಕೋರ್ಟು ಒಪ್ಪಿತು. 2000ದ ನವೆಂಬರ್ 7ಕ್ಕ ಸುಪ್ರೀಂ ಕೋರ್ಟು ಅದನ್ನ ರದ್ದು ಮಾಡಿತು. ಮ್ಯಾಲಿನವರು ಹೇಳ್ಯಾರ ಅಂತ ಅಭಿಯೋಜಕರು ಸಹಿ ಹಾಕಿದ್ರ ನಡೆಯಂಗಿಲ್ಲ, ಕಾಗದಪತ್ರ ಎಲ್ಲಾ ನೋಡಿ ತಮ್ಮ ಬುದ್ಧಿಯಿಂದ ತೀರ್ಮಾನ ಮಾಡಬೇಕು ಅಂತ ಹೇಳಿತು. ಇವರನ್ನ ಬಿಟ್ರ ಮುಂದ ಏನಾದೀತು ಅನ್ನೋದನ್ನ ಯಾರೂ ತೂಗಿ ನೋಡಿಲ್ಲ ಅಂತನೂ ಹೇಳಿತು.

ಕೇಳ್ರಿ ಇಲ್ಲಿ. ‘ಹೆಚ್ಚಿನ ಒಳಿತು’ ಅಂತ ವಾದ ಮಾಡಿದ ಸರ್ಕಾರದ ಹತ್ತಿರ ಆ ಒಳಿತಿನ ಲೆಕ್ಕನ ಇರಲಿಲ್ಲ. ತೀರ್ಪು ಬಂದು ಎಂಟು ದಿನಕ್ಕ, ನವೆಂಬರ್ 15ಕ್ಕ, ಕೈದಿಗಳನ್ನ ಬಿಡದಾನೂ ರಾಜಕುಮಾರ್ ಮನಿಗೆ ಬಂದ್ರು. ರೊಕ್ಕ ಕೊಟ್ಟು ಬಿಡಿಸಿಕೊಂಡ್ರು ಅನ್ನೋ ಆರೋಪ ಐತಿ. ಸರ್ಕಾರ ಒಪ್ಪಿಲ್ಲ.

ಇನ್ನೊಂದು. ಮರು ವರ್ಷ, 2001ಕ್ಕ, ಆ ಟಾಡಾ ಕೇಸಿನ ತೀರ್ಪು ಬಂತು. ನೂರಕ್ಕೂ ಹೆಚ್ಚು ಆರೋಪಿಗಳೊಳಗ ಬಹುಪಾಲು ಮಂದಿ ಖುಲಾಸೆ. ಹೊರಗ ಬರೋ ಹೊತ್ತಿಗೆ ಎಂಟೆಂಟು ವರ್ಷ ಜೈಲಿನಾಗ ಕಳದಿದ್ರು. ಟಾಡಾದ 15ನೇ ಕಲಮಿನ ಪ್ರಕಾರ ಎಸ್‌ಪಿ ದರ್ಜೆ ಅಧಿಕಾರಿ ಮುಂದ ಕೊಟ್ಟ ತಪ್ಪೊಪ್ಪಿಗೆನೂ ಸಾಕ್ಷಿ ಆಗ್ತಿತ್ತು. ಸಾಮಾನ್ಯ ಕಾಯ್ದೆಯೊಳಗ ಅದಕ್ಕ ಕವಡಿ ಕಿಮ್ಮತ್ತಿಲ್ಲ. ಆ ಕಾಯ್ದೆನೂ ‘ದೇಶದ ಒಳಿತಿಗೆ’ ಅಂತನ ಬಂದಿತ್ತು. 1995ಕ್ಕ ಸರ್ಕಾರ ಅದನ್ನ ಮುಂದುವರಿಸಲಿಲ್ಲ, ಆದ್ರ ಆಗಲೇ ಒಳಗಿದ್ದವರು ಒಳಗ ಉಳದ್ರು. ಎಲ್ಲಾರೂ ಅಮಾಯಕರಲ್ಲ, ಅದೂ ಹೇಳಬೇಕು. ಪಾಲಾರ್ ಪ್ರಕರಣದಾಗ ನಾಲ್ವರಿಗೆ 2004ಕ್ಕ ಸುಪ್ರೀಂ ಕೋರ್ಟು ಗಲ್ಲು ವಿಧಿಸಿತು, ಕ್ಷಮಾದಾನ ಅರ್ಜಿ ತಡವಾದ ಕಾರಣಕ್ಕ 2014ಕ್ಕ ಅದು ಜೀವಾವಧಿ ಆತು.

ಹನೂರು ಕಡೆಯವ

ವಕೀಲ್ರು ಹೇಳಿದ್ದ ಇನ್ನೊಂದ್ಸಲ ಓದಿ ಎಲ್ರೂ.

1993ರಲ್ಲಿ ಊರಿನ ಒಳ್ಳೇದಕ್ಕೆ ಅಂತ ಅವ್ರನ್ನ ಒಳಿಕ್ಕಾಕುದ್ರು. 2000ದಲ್ಲಿ ಊರಿನ ಒಳ್ಳೇದಕ್ಕೆ ಅಂತ ಬುಟ್ಬುಡವ ಅಂದ್ರು. 2001ರಲ್ಲಿ ಕೋರ್ಟು, ಇವ್ರಲ್ಲಿ ಬಹುಪಾಲು ಜನದ ಮೇಲೆ ಸಾಬೀತಾಗಿಲ್ಲ ಅಂತು. ಎರಡು ಸಲಾನೂ ತಕ್ಕಡೀಲಿ ಕೂತಿದ್ದವ್ರು ಅದೇ ಜನ. ಒಂದ್ಸಲಾನಾರ ‘ನೀನು ಏನಪ್ಪ ಮಾಡಿದ್ದೆ’ ಅಂತ ಯಾರಾರ ಕೇಳುದ್ರಾ? ಬೆಂಗ್ಳೂರಿನ ಲೆಕ್ಕದಲ್ಲಿ ನಾವು ಮನುಷ್ಯರಲ್ಲ, ತೂಕದ ಬಟ್ಟು.

ಇನ್ನೊಂದ್ ವಿಷ್ಯ. ಆ ಹಿಂಸೆ ಉಂಡ ಜನಕ್ಕೆ ಪರಿಹಾರ ಕೊಡಿ ಅಂತ 2000ದಲ್ಲಿ ಬೇಡಿಕೆ ಇಟ್ಟವನು ಯಾರು? ವೀರಪ್ಪನ್ನೇ. ನಮ್ ಜನನ ಕೊಂದವನ ಬಾಯಲ್ಲಿ ನಮ್ ಜನದ ನ್ಯಾಯದ ಮಾತು ಬಂತು. ಸರ್ಕಾರದ ಬಾಯಲ್ಲಿ ಮೊದ್ಲೇ ಬಂದಿದ್ರೆ ಆ ಪಾಪಿಗೆ ಅದ ಎತ್ಕಂಡು ಆಡಾಕೆ ಜಾಗ ಎಲ್ಲಿರ್ತಿತ್ತು?

ಅಣ್ಣಾವ್ರ ಅಭಿಮಾನಿ, ಮಾಗಡಿ ರಸ್ತೆ

ತಮ್ಮಾ, ಆ ಕೈದಿಗಳಲ್ಲಿ ಹೆಚ್ಚಿನವರು ಖುಲಾಸೆಯಾದದ್ದನ್ನು ನಮ್ಮ ಕಡೆ ಯಾರೂ ನೆನೆಯುವುದಿಲ್ಲ, ನಿಜ. ಆದರೆ ಆ 108 ದಿನಗಳಲ್ಲಿ ಈ ಊರಿನಲ್ಲಿದ್ದ ಬಡ ತಮಿಳು ಕೂಲಿಯವನೂ ನಿಮ್ಮಂತೆಯೇ ಏನೂ ತಪ್ಪು ಮಾಡದವನು. ಅವನ ಗುಡಿಸಲು ಉಳಿಯಲಿ ಎಂಬುದೂ ನನ್ನ ವಾದದಲ್ಲಿತ್ತು.

ಗಮಕದ ಮೇಷ್ಟ್ರು

ಇಂಥ ಚರ್ಚೆಗಳಲ್ಲಿ ಯಾರಾದರೂ ಒಬ್ಬರು ಒಂದು ಶ್ಲೋಕ ಹೇಳುತ್ತಾರೆ. ಇಲ್ಲಿ ಇನ್ನೂ ಹೇಳಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ‘ತ್ಯಜೇದೇಕಂ ಕುಲಸ್ಯಾರ್ಥೇ, ಗ್ರಾಮಸ್ಯಾರ್ಥೇ ಕುಲಂ ತ್ಯಜೇತ್, ಗ್ರಾಮಂ ಜನಪದಸ್ಯಾರ್ಥೇ.’ ಕುಲ ಉಳಿಯಲು ಒಬ್ಬನನ್ನು ಬಿಡು, ಊರು ಉಳಿಯಲು ಕುಲವನ್ನು ಬಿಡು, ನಾಡು ಉಳಿಯಲು ಊರನ್ನು ಬಿಡು. ಅಣೆಕಟ್ಟಿಗೆ ಊರು ಮುಳುಗಿಸುವಾಗಲೂ ಇದನ್ನು ಹೇಳಿದವರನ್ನು ನಾನು ಕೇಳಿದ್ದೇನೆ.

ಮಹಾಭಾರತದಲ್ಲಿ ಇದನ್ನು ಯಾರು ಯಾರಿಗೆ ಹೇಳಿದ್ದು? ವಿದುರ ಧೃತರಾಷ್ಟ್ರನಿಗೆ, ದುರ್ಯೋಧನ ಹುಟ್ಟಿದಾಗ ಅಪಶಕುನಗಳನ್ನು ಕಂಡು ಹೇಳಿದ್ದು. ‘ನಿನ್ನ ಮಗನನ್ನು ನೀನು ಬಿಡು’ ಎಂದು. ಅಧಿಕಾರದಲ್ಲಿ ಕೂತವನು ತನ್ನ ಕರುಳಿನ ಕುಡಿಯನ್ನೇ ಬಿಡಬೇಕು ಎಂಬ ಮಾತು ಅದು. ನಾವು ಅದನ್ನು ತಿರುಗಿಸಿ, ಅಧಿಕಾರದಲ್ಲಿದ್ದವನು ಬೇರೆಯವರ ಮಗನನ್ನು ಬಿಡಬಹುದು ಎಂದು ಓದುತ್ತಿದ್ದೇವೆ.

ಮತ್ತೆ ನಾಲ್ಕನೆಯ ಪಾದವನ್ನು ಹೇಳುವವರೇ ಕಡಿಮೆ: ‘ಆತ್ಮಾರ್ಥೇ ಪೃಥಿವೀಂ ತ್ಯಜೇತ್.’ ಆತ್ಮಕ್ಕಾಗಿ ಇಡೀ ಭೂಮಿಯನ್ನೇ ಬಿಡು. ಮೂರು ಪಾದ ಲೆಕ್ಕ ಹಾಕುತ್ತಾ ಏರಿದ ಶ್ಲೋಕ ನಾಲ್ಕನೆಯದರಲ್ಲಿ ಆ ಲೆಕ್ಕವನ್ನೇ ಕೆಳಗಿಡುತ್ತದೆ. ಇದು ಸ್ವಾರ್ಥಕ್ಕೆ ಹೇಳಿದ್ದು ಎಂದು ಅರ್ಥ ಮಾಡುವವರೂ ಇದ್ದಾರೆ, ನನಗೆ ಆ ಓದು ಒಪ್ಪಿಗೆಯಿಲ್ಲ.

ನೇರ ಲೆಕ್ಕ

ಮೇಷ್ಟ್ರೇ, ನಮಸ್ಕಾರ. ವಿದುರನ ಸಂದರ್ಭ ನನಗೆ ಗೊತ್ತಿರಲಿಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಆಳುವವನ ಸ್ವಂತ ಮಗನನ್ನು ಬಿಟ್ಟರೆ ಸಾಲದು ಎಂಬ ಪರಿಸ್ಥಿತಿಗಳು ಬರುತ್ತವೆ. ಕೋವಿಡ್‌ನಲ್ಲಿ ಊರಿಗೆ ಊರೇ ಬೀಗ ಹಾಕಿದಾಗ ಕೂಲಿಯವರ ಅನ್ನ ಹೋಯಿತು, ಅವರನ್ನು ಯಾರೂ ಕೇಳಲಿಲ್ಲ. ಹಾಗೆಂದು ಬೀಗ ಹಾಕಲೇಬಾರದಿತ್ತು ಎನ್ನಲು ನನಗೆ ಬಾಯಿ ಬರುವುದಿಲ್ಲ. ಯಾರನ್ನೂ ನೋಯಿಸದೆ ಆಳುವುದು ಸಾಧ್ಯವೇ ಇಲ್ಲ.

ಹೊಸೂರಿನ ಕನ್ನಡತಿ

ತಮಿಳುನಾಡಿನ ಕಡೆಯಿಂದ ನಾನೊಂದು ಸೇರಿಸುತ್ತೇನೆ. ಧರ್ಮಪುರಿ ಜಿಲ್ಲೆಯ ವಾಚಾತಿ. ಬುಡಕಟ್ಟು ಜನರ ಊರು. 1992ರ ಜೂನ್ 20ರಂದು ಗಂಧದ ಕಳ್ಳಸಾಗಣೆ ತಡೆಯುತ್ತೇವೆ ಎಂದು ಅರಣ್ಯ, ಪೊಲೀಸ್, ಕಂದಾಯ ಮೂರೂ ಇಲಾಖೆಯವರು ನುಗ್ಗಿದರು. ಮನೆಗಳನ್ನು ಪುಡಿಮಾಡಿದರು, ಜಾನುವಾರು ಕೊಂದರು, 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವಾಯಿತು. ಕಾಡು ಉಳಿಸುವುದು ಲೋಕಹಿತ ಅಲ್ಲ ಎಂದು ಯಾರು ಹೇಳುತ್ತಾರೆ? ಆ ಹೆಸರಿನ ಹಿಂದೆ ನಡೆದದ್ದು ಇದು.

269 ಜನ ಆರೋಪಿಗಳು. ತೀರ್ಪು ಬರುವ ಹೊತ್ತಿಗೆ 54 ಜನ ಸತ್ತಿದ್ದರು. 2011ರಲ್ಲಿ ಉಳಿದ 215 ಜನರೂ ಅಪರಾಧಿಗಳೆಂದು ಧರ್ಮಪುರಿ ಕೋರ್ಟು ಹೇಳಿತು, ಒಬ್ಬರನ್ನೂ ಬಿಡಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿದು, ಆಗಿನ ಜಿಲ್ಲಾಧಿಕಾರಿ, ಎಸ್‌ಪಿ, ಜಿಲ್ಲಾ ಅರಣ್ಯಾಧಿಕಾರಿ ಮೇಲೂ ಕ್ರಮ ಆಗಬೇಕೆಂದಿತು. ಮೂವತ್ತೊಂದು ವರ್ಷ.

ನೇರ ಲೆಕ್ಕ ಅವರೇ, ನೀವು ಹೇಳುವ ಬೀಗದ ಆದೇಶಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲಿದೆ. ಬೀಗದ ಆದೇಶ ಎಲ್ಲರಿಗೂ ಕಾಣುವಂತೆ ಬಂತು, ಸಹಿ ಇತ್ತು, ಅದನ್ನು ಪ್ರಶ್ನಿಸಲು, ಬೈಯಲು, ಕೋರ್ಟಿಗೆ ಹೋಗಲು ದಾರಿಯಿತ್ತು. ವಾಚಾತಿಯಲ್ಲಿ ಇಂಥದ್ದು ನಡೆದೇ ಇಲ್ಲ ಎಂದು ಸಾಧಿಸಲು ವರ್ಷಗಟ್ಟಲೆ ಹೆಣಗಿದರು. ನಿಜವಾಗಿಯೂ ಲೋಕಹಿತಕ್ಕೆ ಮಾಡಿದವನು ಮುಚ್ಚಿಡುವುದೇಕೆ?

ಖಾಕಿ ಮನೆ ಮಗಳು

ಮೇಲಿನ ಕಾಮೆಂಟು ಓದಿ ಸ್ವಲ್ಪ ಹೊತ್ತು ಬರೆಯಲಾಗಲಿಲ್ಲ. ವಕೀಲರೇ, ನಿಮ್ಮನ್ನೊಂದು ಕೇಳಬೇಕು. ಕೆಳಗಿನ ಪೇದೆಗೆ ‘ಹೊಡಿ’ ಎಂದು ಬರಹದಲ್ಲಿ ಆದೇಶ ಬರುತ್ತದೆಯೇ?

ಧಾರವಾಡದ ವಕೀಲ

ಇಲ್ಲವಾ ತಂಗಿ. ಸ್ಟೇಷನ್ ಡೈರಿಯೊಳಗ ಬರೆಯಂಗಿಲ್ಲ, ವೈರ್‌ಲೆಸ್ ಲಾಗಿನೊಳಗ ಇರಂಗಿಲ್ಲ. ‘ಹೆಂಗರ ಮಾಡು, ನಾಳೆ ಬೆಳಗಿನೊಳಗ ಮಾಹಿತಿ ಬೇಕು’ ಅಂತ ಬಾಯಿಮಾತು. ನಾಳೆ ಕೇಸಾದ್ರ ಮ್ಯಾಲಿನಾಂವ ‘ನಾ ಹಂಗ ಹೇಳಿಲ್ಲ’ ಅಂತಾನ. ಸಿಗಬೀಳಾಂವ ಪೇದೆ. ಮ್ಯಾಲಿನವರು ಹೇಳಿದ್ರು ಅನ್ನೋ ಮಾತು ಅವನ್ನ ಉಳಸಂಗಿಲ್ಲ, ಯಾಕಂದ್ರ ಕಾಯ್ದೆಬಾಹಿರ ಆದೇಶ ಪಾಲಿಸೋದು ರಕ್ಷಣೆ ಆಗಂಗಿಲ್ಲ.

ಇನ್ನೊಂದು ಹೇಳತೀನಿ. ನಮ್ಮಲ್ಲಿ ಸಮಿತಿ ಆದ ವರ್ಷನ, 1999ಕ್ಕ, ಇಸ್ರೇಲಿನ ಸುಪ್ರೀಂ ಕೋರ್ಟು ಇಂಥದ್ದ ಪ್ರಶ್ನೆ ತೀರ್ಮಾನ ಮಾಡಿತು. ಬಾಂಬು ಸಿಡಿಯೋದರಾಗ ಐತಿ ಅಂದ್ರೂ ಹಿಂಸೆ ಕೊಡಲಿಕ್ಕೆ ತನಿಖಾ ಸಂಸ್ಥೆಗೆ ಮುಂಗಡ ಅನುಮತಿ ಇಲ್ಲ. ಒಬ್ಬ ಅಧಿಕಾರಿ ಕೊಟ್ಟಾನ ಅಂದ್ರ, ಆಮೇಲೆ ಅವನ ಮ್ಯಾಲೆ ಕೇಸಾದಾಗ ಅನಿವಾರ್ಯ ಇತ್ತು ಅಂತ ವಾದ ಮಾಡಬಹುದು. ಮೂಲ ಪೋಸ್ಟ್ ಹಾಕಿದವರು ಹೇಳೂದೂ ಇದನ್ನ. ನಮ್ಮ ದೇಶ ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆ ಒಪ್ಪಂದಕ್ಕ 1997ಕ್ಕ ಸಹಿ ಹಾಕಿತು, ಈವತ್ತಿಗೂ ಅನುಮೋದನೆ ಕೊಟ್ಟಿಲ್ಲ.

ಖಾಕಿ ಮನೆ ಮಗಳು

ಹಾಗಾದರೆ ನನ್ನ ಸಿಟ್ಟು ಬೇರೆ ಕಡೆ ತಿರುಗುತ್ತದೆ. ನಮ್ಮಪ್ಪ ಯಾರ ಮೈಮೇಲೂ ಕೈ ಮಾಡಿದವರಲ್ಲ ಎಂದು ನಾನು ನಂಬುತ್ತೇನೆ. ಆದರೆ ಅವರ ಜೊತೆಯವರು ಒಬ್ಬಿಬ್ಬರು ನಿವೃತ್ತರಾದ ಮೇಲೆ ಕುಡಿದು ಅಳುತ್ತಿದ್ದುದನ್ನು ನಮ್ಮ ಜಗುಲಿಯಲ್ಲೇ ನೋಡಿದ್ದೇನೆ. ಏಕೆಂದು ಅಪ್ಪ ಹೇಳುತ್ತಿರಲಿಲ್ಲ. ಇಷ್ಟೊಂದು ಅನಿವಾರ್ಯವಾಗಿದ್ದರೆ ಬರೆದು ಸಹಿ ಹಾಕಬೇಕಿತ್ತು. ‘ಈ ಹಳ್ಳಿಯವರನ್ನು ಹಿಡಿದು ತನ್ನಿ, ಇದರ ಹೊಣೆ ನನ್ನದು’ ಎಂದು. ಸಹಿ ಹಾಕುವ ಧೈರ್ಯ ಇಲ್ಲದವರಿಗೆ ಲೋಕಹಿತದ ಮಾತಾಡುವ ಹಕ್ಕಿಲ್ಲ. ವೀರಪ್ಪನ್ ಸತ್ತ ಮೇಲೆ ತಮಿಳುನಾಡು ಸರ್ಕಾರ ಪಡೆಯವರಿಗೆ ತಲಾ 3 ಲಕ್ಷ, ನಿವೇಶನ, ಒಂದು ಬಡ್ತಿ ಕೊಟ್ಟಿತು. ಕಷ್ಟಪಟ್ಟವರಿಗೆ ಕೊಟ್ಟದ್ದು ತಪ್ಪೆಂದು ನಾನು ಹೇಳಲಾರೆ. ಆದರೆ ಯಾರು ಗಸ್ತು ತಿರುಗಿದರು, ಯಾರು ಆ ‘ವರ್ಕ್‌ಶಾಪ್’ ನಡೆಸಿದರು ಎಂದು ಬೇರೆ ಮಾಡದೆ ಕೊಟ್ಟರು. ಅದು ನಮ್ಮಪ್ಪನಂಥವರಿಗೆ ಮಾಡಿದ ಅವಮಾನ.

ಹನೂರು ಕಡೆಯವ

ಅಕ್ಕಾ, 2.80 ಕೋಟಿಯ 89 ಜನಕ್ಕೆ ಭಾಗ ಮಾಡಿ. ಅದೂ ತಲಾ ಮೂರು ಲಕ್ಷದ ಹತ್ರಕ್ಕೇ ಬತ್ತದೆ. ಹಿಂಸೆ ಉಂಡವ್ರಿಗೆ ನಿವೇಶನ ಇಲ್ಲ, ಅವ್ರಿಗೆ ಕೊಡಿ ಅಂತ ಹೇಳಿದ್ದೇ ಎರಡು ವರ್ಷಕ್ಕೂ ಜಾಸ್ತಿ ತಡವಾಗಿ.

ನೇರ ಲೆಕ್ಕ

ಬರೆದು ಸಹಿ ಹಾಕಬೇಕು, ಆಮೇಲೆ ಕಟಕಟೆಯಲ್ಲಿ ನಿಲ್ಲಬೇಕು ಎಂಬುದನ್ನು ಒಪ್ಪುತ್ತೇನೆ. ನನ್ನ ಲೆಕ್ಕಕ್ಕೂ ಅದು ಬೇಕೇ ಬೇಕು. ಬರೆದಿಡದ ಕೇಡನ್ನು ಕೂಡಿಸಲು ಯಾರಿಂದಲೂ ಆಗುವುದಿಲ್ಲ. ಈ ಪ್ರಕರಣದಲ್ಲಿ ಲೆಕ್ಕವನ್ನೇ ಮಾಡಿರಲಿಲ್ಲ ಎಂದೂ ಒಪ್ಪುತ್ತೇನೆ.

ಒಂದು ಮಾತು ಮಾತ್ರ ಬಿಡುವುದಿಲ್ಲ. ಸಹಿ ಹಾಕಿ, ಹೊಣೆ ಹೊತ್ತು, ಜೀವಗಳನ್ನು ನಿಜವಾಗಿ ಉಳಿಸಿದ ಅಧಿಕಾರಿಯೊಬ್ಬ ಕೋರ್ಟಿನ ಮುಂದೆ ನಿಂತರೆ, ಅವನನ್ನು ಅಪರಾಧಿ ಎನ್ನಲು ನನಗೆ ಆಗುವುದಿಲ್ಲ. ಕೊಳ್ಳೇಗಾಲದವರೇ, ನೀವು ನ್ಯಾಯಾಧೀಶರಾಗಿದ್ದರೆ?

ಕೊಳ್ಳೇಗಾಲದ ಕೂಸು

ಅಪರಾಧಿ ಎನ್ನುತ್ತೇನೆ. ಶಿಕ್ಷೆ ಎಷ್ಟು ಎನ್ನುವಾಗ ಅವನು ಉಳಿಸಿದ ಜೀವಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ, ಬೇಕಾದರೆ ಒಂದೇ ದಿನದ ಶಿಕ್ಷೆ ಕೊಡುತ್ತೇನೆ. ಆದರೆ ಆ ಕೋಣೆಯಲ್ಲಿ ಏಟು ತಿಂದ ನಿರಪರಾಧಿ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾನಲ್ಲ, ಅವನೆದುರು ‘ನಿನಗೆ ಆದದ್ದು ತಪ್ಪೇ ಅಲ್ಲ’ ಎಂದು ತೀರ್ಪು ಓದಲು ನನ್ನಿಂದಾಗದು.

ನೇರ ಲೆಕ್ಕ

ಇಲ್ಲಿ ನಮ್ಮಿಬ್ಬರ ದಾರಿ ಬೇರೆ. ನಾನು ಅವನನ್ನು ಬಿಡುಗಡೆ ಮಾಡಿ, ಪರಿಹಾರವನ್ನು ಸರ್ಕಾರದ ಬೊಕ್ಕಸದಿಂದ ಅದೇ ದಿನ ಕೊಡಿಸುತ್ತಿದ್ದೆ.

ಹನೂರು ಕಡೆಯವ

ಅದೇ ದಿನ ಅಂದ್ರಲ್ಲ ಸಾರ್, ಅದ ಮೊದ್ಲು ಮಾಡ್ಸಿ. ಮಿಕ್ಕುದ್ದ ಆಮೇಲೆ ವಾದ ಮಾಡವ.